ಬಯಕೆಯ ಮಾನಿಟರು

ಆಗಸ್ಟ್ ೨೦, ಮಂಗಳವಾರ. ಬೆಳಿಗ್ಗೆ

ಹಾಲು ಒಡೆಯಿತು. ಹಾಲಿನವನಿಗೆ ಹೇಳಿ ಹೇಳಿ ಸಾಕಾಗಿದೆ. ಕೆಂಭಾವಿ ಹೊಲಕ್ಕೆ ಕಾಲುವೆ ನೀರು ಇನ್ನೂ ಬಂದಿಲ್ಲ. ಮೇಲಿನ ಹೊಲದವರು ಅಡ್ಡಗಟ್ಟಿ ಕೂತಿದ್ದಾರೆ. ಯಂಕಣ್ಣನಿಗೆ ಹೇಳಿದೆ — ನೀರಾವರಿ ಆಫೀಸಿನಲ್ಲೇ ಕ್ಲರ್ಕ್ ಆಗಿದ್ದೀ, ಒಂದು ಮಾತು ಹೇಳು ಎಂದು. "ನೋಡ್ತೀನವ್ವಾ" ಎಂದ. ನನ್ನ ಮಗ ಹುಟ್ಟಿದಾಗಿನಿಂದ ನೋಡುತ್ತಲೇ ಇದ್ದಾನೆ.

ಪಡಸಾಲೆಯ ನಡುವೆ ಆ ಪೆಟ್ಟಿಗೆ. ಭಾನುವಾರ ಸೊಸೆಯ ಕುಬಸದಲ್ಲಿ, ಏಳು ತಿಂಗಳ ಸೀಮಂತದಲ್ಲಿ, ಬಂದದ್ದು. ಇನ್ನೂ ಎತ್ತಿಟ್ಟಿಲ್ಲ. ಕಸ ಹೊಡೆಯುವವಳು ಅದಕ್ಕೆ ಪ್ರದಕ್ಷಿಣೆ ಹಾಕಿ ಹೋಗುತ್ತಾಳೆ.

ಬಸುರಿ ಬಯಸಿದ್ದನ್ನು ತವರಿನವರು ತಂದು ಕೊಡಬೇಕು. ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎನ್ನುತ್ತಾರೆ. ಯಂಕಣ್ಣ ಹೊಟ್ಟೆಯಲ್ಲಿದ್ದಾಗ ನಾನು ಬಯಸಿದ್ದು ಹುಣಸೆ ಚಿಗುರಿನ ಬೇಳೆ. ಎದುರುಮನೆ ಸುಂದ್ರಮ್ಮ ಬಯಸಿದ್ದು ಹಸಿ ಕಡಲೆ. ನನ್ನ ಸೊಸೆ ರೇಣಮ್ಮ ಬಯಸಿದ್ದು ಕಂಪ್ಯೂಟರ್ ಆಟಕ್ಕೆ ಒಂದು ಮಾನಿಟರು.

ಬಿ.ಕಾಂ. ಓದಿದ ಹುಡುಗಿ. ಹಗಲೆಲ್ಲ ಮನೆಯಲ್ಲೇ ಕೂತು ಅಂಗಡಿಯವರ ಜಿಎಸ್‌ಟಿ ಕೆಲಸ ಮಾಡುತ್ತಾಳೆ. ಸಂಜೆಯಾದರೆ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಕಾಲೇಜಿನ ಮೂವರು ಗೆಳತಿಯರ ಜೊತೆ ಬಂದೂಕಿನ ಆಟ. ಏಳು ತಿಂಗಳ ಬಸುರಿ "ಹಿಂದ ಹಿಂದ! ಹೊಡಿ ಅವನ್ನ!" ಎಂದು ಕೂಗುತ್ತಿರುತ್ತಾಳೆ. ನಾನು ದೇವರಿಗೆ ದೀಪ ಹಚ್ಚುತ್ತಿರುತ್ತೇನೆ.

ಅವಳ ಅಪ್ಪ ಭಾಗಣ್ಣ, ಯಾದಗಿರಿಯವರು, ಬೇಳೆ ಮಿಲ್ಲಿನವರು. ಹಲಗೆ ಬಡಿಸಿಕೊಂಡು ಪೆಟ್ಟಿಗೆ ಹೊರಿಸಿಕೊಂಡು ಬಂದರು. ಇಡೀ ಓಣಿಯ ಹೆಂಗಸರ ಎದುರು ಕೇಳಿದರು:

"ಫೋರ್ ಕೆ ಅದರಿ ಬೀಗತಿಯವರ. ಮೂವತ್ತೆರಡು ಇಂಚು. ನಿಮ್ಮ ಮನ್ಯಾಗಿನ ಮಶೀನು ಇದನ್ನ ಎಳೀತದೇನು?"

ಅದೇನು ಕೇಳುವ ಮಾತೇ? ನಾನೂ ಬಿಡಲಿಲ್ಲ.

"ನೀವು ಏನ್ ತಂದ್ರೂ ಎಳೀತದ ಬೀಗರ. ಎಳೀಲಿಲ್ಲಂದ್ರ ಎಳಿಯೋವಂಥಾದ್ದು ಈ ದೇವಕಮ್ಮ ಹಾಕಸ್ತಾಳ. ರೇಣಮ್ಮ ನಿಮ್ಮ ಮನಿಗಿ ಹೊಂಡೋದ್ರಾಗ ಹಾಕಸ್ತಾಳ."

ಹೆಂಗಸರು ಹೋ ಎಂದರು. ಪಿತೃಪಕ್ಷ ಬರುವುದರೊಳಗೆ ಹೆರಿಗೆಗೆ ಕರೆದೊಯ್ಯುತ್ತಾರೆ. ಅಷ್ಟರೊಳಗೆ ಆಡಿದ ಮಾತು ನಡೆಯಬೇಕು.

ಆಗಸ್ಟ್ ೨೧. ಸಂಜೆ

ಯಂಕಣ್ಣ ಮಾನಿಟರು ಜೋಡಿಸಿದ. ನೋಡಲು ಚಂದವೇ. ಗೋಡೆಯ ಅರ್ಧ ಅದೇ ಆಯಿತು.

ಆಟ ಹಚ್ಚಿದರೆ — ಎತ್ತು ಕೆಸರಲ್ಲಿ ಕಾಲು ಕಿತ್ತಂತೆ. ಒಂದು ಹೆಜ್ಜೆ, ನಿಲ್ಲುವುದು. ಇನ್ನೊಂದು ಹೆಜ್ಜೆ, ನಿಲ್ಲುವುದು. ಅಷ್ಟರಲ್ಲಿ ಯಾರೋ ಹೊಡೆದು ಹೋದರು. ರೇಣಮ್ಮ ಸತ್ತಳಂತೆ. ಬಸುರಿ ಬಾಯಲ್ಲಿ ಆ ಮಾತು ಬೇಡ ಎಂದು ಎಷ್ಟು ಸಲ ಹೇಳಿದ್ದೇನೆ.

"ಯಾಕ ಹಿಂಗ?" ಎಂದೆ.

"ಗ್ರಾಫಿಕ್ಸ್ ಕಾರ್ಡ್ ಸಾಲವಲ್ದವ್ವಾ" ಎಂದ ಯಂಕಣ್ಣ. "ಚಿತ್ರಾ ಬರಿಯೋದು ಅದೇ. ಹಳೇ ಸಣ್ಣ ಸ್ಕ್ರೀನಿಗೆ ತಂದಿದ್ದ ಕಾರ್ಡು. ಇಷ್ಟು ದೊಡ್ಡದಕ್ಕ ದಮ್ಮು ಹತ್ತೇದ."

ರೇಣಮ್ಮ ಮುಖ ಸಣ್ಣ ಮಾಡಲಿಲ್ಲ. ಅದೇ ನನಗೆ ಆಗದು. "ಇರ್ಲಿ ಬಿಡ್ರಿ ಅತ್ತಿ, ರೆಸಲ್ಯೂಷನ್ ಇಳಿಸಿ ಆಡ್ತೀನಿ" ಎಂದಳು. ಇಳಿಸಿದಳು. ಚಿತ್ರವೆಲ್ಲ ಕನ್ನಡಕ ತೆಗೆದು ನೋಡಿದ ಹಾಗೆ ಮಸಕು.

ಸುಂದ್ರಮ್ಮ ಬಾಗಿಲಲ್ಲೇ ನಿಂತಿದ್ದಳು. ಸಕ್ಕರೆ ಕೇಳುವ ನೆಪ. "ಎಳೀವಲ್ದೇನ್ ಯಕ್ಕಾ?"

ಸಕ್ಕರೆ ಕೊಟ್ಟು ಕಳಿಸಿದೆ.

ಆಗಸ್ಟ್ ೨೪, ಶನಿವಾರ

ಮನೆಯಲ್ಲಿ ಯಾರಿಗೂ ಹೇಳದೆ ಯಾದಗಿರಿಗೆ ಹೋಗಿ ಬಂದೆ. ಶಹಾಪುರದಿಂದ ಅಲ್ಲಿಯವರೆಗೂ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಾಲು ಹಿಡಿದುಕೊಂಡಿವೆ.

ಸ್ಟೇಷನ್ ರಸ್ತೆಯಲ್ಲಿ ಅಬ್ದುಲ್ ಕರೀಮನ ಕಂಪ್ಯೂಟರ್ ಅಂಗಡಿ. ಕೂತ ಕೂಡಲೇ ಪ್ರಶ್ನೆ ಶುರು ಮಾಡಿದ. ಕಾರ್ಡು ಕೇಳಲು ಹೋದೆನೋ ಕನ್ಯೆ ಕೇಳಲು ಹೋದೆನೋ ತಿಳಿಯದಾಯಿತು.

"ಮಾನಿಟರ್ ಯಾವುದ್ರಿ ಅಮ್ಮಾ?"

"ಬೀಗರು ಕೊಟ್ಟಿದ್ದು."

"ಹಾಂಗಲ್ರಿ. ರೆಸಲ್ಯೂಷನ್ ಎಷ್ಟು?"

"ಮೂವತ್ತೆರಡು ಇಂಚು."

"ಅದು ಅಳತಿ ಆಯ್ತ್ರಿ. ಚುಕ್ಕಿ ಎಷ್ಟು ಅಂತ ಕೇಳಾಕತ್ತೀನಿ. ಇಂಚು ನೋಡಿ ಕಾರ್ಡ್ ತಗೊಳಾಂಗಿಲ್ಲ, ಚುಕ್ಕಿ ನೋಡಿ ತಗೋಬೇಕು." ಆಮೇಲೆ ತಾನೇ ಹಣೆ ಬಡಿದುಕೊಂಡ. "ಅರೆ, ಶಹಾಪುರದ ಬೀಗರು! ಭಾಗಣ್ಣ ಸಾಹುಕಾರ್ರು ಒಯ್ದಿದ್ದು ನಂದೇ ಅಂಗಡಿದು. ಫೋರ್ ಕೆ!"

ಕಾಗದದ ಮೇಲೆ ಬರೆದು ತೋರಿಸಿದ. ಹಳೆಯ ಸ್ಕ್ರೀನಿಗೆ ಅಡ್ಡ ಸಾವಿರದ ಒಂಬೈನೂರ ಇಪ್ಪತ್ತು ಚುಕ್ಕಿ, ಉದ್ದ ಸಾವಿರದ ಎಂಬತ್ತು. ಫೋರ್ ಕೆ ಅಂದರೆ ಎರಡೂ ಕಡೆ ದುಪ್ಪಟ್ಟು. ನಡುವೆ ಇನ್ನೊಂದು ಜಾತಿ ಇದೆ, ಕ್ಯೂಎಚ್‌ಡಿ ಅಂತ. ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡೆ.

"ಕಂಪ್ಯೂಟರ್ ಡಬ್ಬಿ ಉದ್ದ ಎಷ್ಟದರಿ? ಪವರ್ ಸಪ್ಲೈ ಎಷ್ಟು ವ್ಯಾಟು? ಜರಾ ಮನಿಗೆ ಫೋನ್ ಹಚ್ಚಿ ಸೊಸಿನ್ನ ಕೇಳ್ರಿ."

ಸೊಸೆಗೆ ಫೋನು ಹಚ್ಚಿ ಕೇಳುವುದೇ! ನಾನು ಸುರಪುರದ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿ ಫಸ್ಟ್ ಕ್ಲಾಸಿನಲ್ಲಿ ಪಾಸಾದವಳು. ಇಪ್ಪತ್ತು ವರ್ಷದಿಂದ ಒಬ್ಬಳೇ ಹೊಲ ಮನೆ ನಡೆಸಿದವಳು.

"ಎಲ್ಲಾ ಸರಿ ಅದ. ಅಂಗಡ್ಯಾಗ ಎಲ್ಲಕ್ಕಿಂತ ಭಾರಿದು ಯಾವುದದ, ಅದು ಕೊಡು."

"ಒಮ್ಮಿ ವಿಚಾರ ಮಾಡ್ರಿ…"

"ಕೊಡು ಅಂದ್ನಿ."

ಕೊಟ್ಟ. ಬೆಲೆ ಇಲ್ಲಿ ಬರೆಯುವುದಿಲ್ಲ.

ಆಗಸ್ಟ್ ೨೫, ಭಾನುವಾರ

ಕಾರ್ಡು ಹಿಡಿಯಲಿಲ್ಲ.

ಇಟ್ಟಂಗಿಯಷ್ಟು ದಪ್ಪ, ಮೊಳದಷ್ಟು ಉದ್ದ, ಮೂರು ಫ್ಯಾನು. ಡಬ್ಬಿಯೊಳಗೆ ಎರಡು ಬೆರಳು ಹೆಚ್ಚಾಯಿತು. ಯಂಕಣ್ಣ ಓರೆ ಮಾಡಿ ನೋಡಿದ, ಕೆಳಗು ಮೇಲು ಮಾಡಿ ನೋಡಿದ. ಮಂಚವನ್ನು ಬಾಗಿಲಲ್ಲಿ ತೂರಿಸುವವನ ಹಾಗೆ.

"ವೆಲ್ಡಿಂಗ್ ಗುರಪ್ಪನ್ನ ಕರೀಲೇನವ್ವಾ? ಮುಂದಿಂದು ತಗಡು ಕೊಯ್ಸೋಣು."

ನನ್ನ ಹೊಟ್ಟೆಯಲ್ಲಿ ಹುಟ್ಟಿದವನು.

ರೇಣಮ್ಮ ಗೋಡೆ ಹಿಡಿದುಕೊಂಡು ನಕ್ಕಳು. ಆಮೇಲೆ ಡಬ್ಬಿಯ ಪಕ್ಕದ ಚೀಟಿ ಓದಿದಳು. "ಕೊಯ್ಸಿದ್ರೂ ನಡ್ಯಾಂಗಿಲ್ರಿ. ಪವರ್ ಸಪ್ಲೈ ನಾನೂರಾ ಐವತ್ತು ವ್ಯಾಟಿಂದು. ಈ ಕಾರ್ಡಿಗೆ ಅದರ ಎರಡರಷ್ಟು ಬೇಕು. ಅದು ಬದಲಿ ಮಾಡಿದ್ರ ಯುಪಿಎಸ್ ಸಾಲಾಂಗಿಲ್ಲ. ಮನಿ ತುಂಬ ಅದನ್ನ ಬದಲಿ ಮಾಡ್ರಿ, ಇದನ್ನ ಬದಲಿ ಮಾಡ್ರಿ, ಅಷ್ಟ ಆಗ್ತದ."

ನಾನು ಕಾರ್ಡನ್ನು ತಿರುಗಿ ಪೆಟ್ಟಿಗೆಗೆ ತುಂಬತೊಡಗಿದೆ. ಅವಳು ಬಿಡಲಿಲ್ಲ.

"ಅತ್ತಿ, ನನಗ ಒಂದ್ ಮಾತು ಕೇಳಬೇಕಿತ್ತಿಲ್ರಿ? ಆಡಾಕಿ ನಾನು."

ಈ ಮನೆಯಲ್ಲಿ ನನಗೆ ಹಾಗೆ ಯಾರೂ ಅಂದಿರಲಿಲ್ಲ. ಸಿಟ್ಟಿಗೆ ಊಟ ಮಾಡಲಿಲ್ಲ. ಯಾರೂ ಎಬ್ಬಿಸಲೂ ಬರಲಿಲ್ಲ. ಅದಕ್ಕೆ ಇನ್ನಷ್ಟು ಸಿಟ್ಟು.

ಆಗಸ್ಟ್ ೨೯, ಗುರುವಾರ

ನೀರು ಬಂತು. ಕೆಂಭಾವಿಗೆ ಹೋಗಿ ಬದುವಿನ ಮೇಲೆ ನಿಂತೆ. ಈ ಸಲ ನಾನೇ ಹಟ ಹಿಡಿದು ಕೆಳಗಿನ ಬೀಳನ್ನೂ ಗದ್ದೆ ಮಾಡಿಸಿದ್ದೆ. ನೀರು ಬಿಡುವ ಪೈಪು ಹಳೆಯದೇ. ಮೊದಲು ಒಂದು ಎಕರೆ ಹಾಯುತ್ತಿತ್ತು, ಈಗ ನಾಲ್ಕು. ತಲೆಯ ಮಡಿ ತೋಯುವುದರಲ್ಲಿ ತುದಿಯ ಮಡಿ ಬಿರುಕು ಬಿಡುತ್ತದೆ.

ಅಲ್ಲೇ ಕೂತು ಕರೀಮನ ಕಾಗದ ತೆಗೆದು ಗುಣಿಸಿದೆ. ಹಳೆಯ ಸ್ಕ್ರೀನು — ಇಪ್ಪತ್ತು ಲಕ್ಷ ಚುಕ್ಕಿ, ಮೇಲೆ ಸ್ವಲ್ಪ. ನಡುವಿನ ಜಾತಿ — ಮೂವತ್ತೇಳು ಲಕ್ಷದ ಹತ್ತಿರ. ಬೀಗರದು — ಎಂಬತ್ಮೂರು ಲಕ್ಷ. ಹಳೆಯದು ಒಂದು ಎಕರೆ ಎಂದರೆ ನಡುವಿನದು ಒಂದು ಎಕರೆ ಮೂವತ್ತೊಂದು ಗುಂಟೆ. ಭಾಗಣ್ಣ ಹಲಗೆ ಬಡಿಸಿಕೊಂಡು ತಂದದ್ದು ನಾಲ್ಕು ಎಕರೆ. ಕಾರ್ಡೆಂಬುದು ನೀರಿನ ಪೈಪು. ಅದೂ ಒಮ್ಮೆ ಹಾಯಿಸಿದರೆ ಮುಗಿಯಲಿಲ್ಲ. ರೇಣಮ್ಮನ ಆಟಕ್ಕೆ ಸೆಕೆಂಡಿಗೆ ನೂರು ಸಲ ಪೂರ್ತಿ ಹೊಲ ತೋಯಬೇಕು.

ಇಷ್ಟೇ ವಿಷಯ. ಇದನ್ನು ಮೊದಲೇ ಹೀಗೆ ಯಾರಾದರೂ ಹೇಳಬಾರದಿತ್ತೇ? ಫ್ರೇಮು, ರೇಟು, ಕೆ ಎಂದು ತಲೆ ತಿಂದರು.

ಹೊಲ ಕಡಿಮೆ ಮಾಡಬೇಕು, ಇಲ್ಲ ಪೈಪು ದೊಡ್ಡದು ಮಾಡಬೇಕು. ಪೈಪು ದೊಡ್ಡದು ಮಾಡಹೋಗಿ ನೋಡಿಯಾಯಿತು.

ಸೆಪ್ಟೆಂಬರ್ ೧, ಭಾನುವಾರ

ಕೊನೆಗೆ ನಾನೇ ಮಾತಾಡಿಸಿದೆ. ರೇಣಮ್ಮ ಕಾಲು ಚಾಚಿ ಕೂತು ಶೇಂಗಾ ಒಡೆಯುತ್ತಿದ್ದಳು.

"ನೀ ಬಯಸಿದ್ದು ಯಾವುದು? ಖರೇ ಹೇಳು."

ಫೋನು ತೆಗೆದು ತೋರಿಸಿದಳು. ಅಪ್ಪನಿಗೆ ಕಳಿಸಿದ ಮೆಸೇಜು. ಇಪ್ಪತ್ತೇಳು ಇಂಚು, ಕ್ಯೂಎಚ್‌ಡಿ. ಅದೇ ನಡುವಿನ ಜಾತಿ.

"ಚಿತ್ರನೂ ಚಲೋ ಇರ್ತದ, ಓಟನೂ ಇರ್ತದ್ರಿ. ಮಧ್ಯಮ ಕಾರ್ಡು ಸಾಕಾಗ್ತದ, ಈಗಿನ ಡಬ್ಬ್ಯಾಗ ಕೂಡ್ತದ. ಅಪ್ಪ ಅಂಗಡ್ಯಾಗ ಏನ್ ಕೇಳ್ಯಾರ ಗೊತ್ತೇನ್ರಿ? ಎಲ್ಲಕ್ಕಿಂತ ದೊಡ್ಡದು ಯಾವುದದ, ಅದು ಕೊಡು ಅಂತ."

ನಾನು ಶೇಂಗಾ ಸಿಪ್ಪೆ ಬಳಿದು ಮೊರಕ್ಕೆ ಹಾಕಿದೆ.

"ಹಂಗಾದ್ರ ನಿನ್ನ ಬಯಕಿ ತೀರಿಲ್ಲ."

"ಅಪ್ಪಂದು ತೀರ್ಯದ."

ಕರೀಮನಿಗೆ ಫೋನು ಮಾಡಿದೆ. ನನ್ನ ಕಾರ್ಡು ಬದಲಿ ಮಾಡಿಕೊಡುತ್ತಾನಂತೆ. ಮಾನಿಟರೂ ತಿಂಗಳೊಳಗೆ ಬದಲಿ ಆಗುತ್ತದೆ. ಆದರೆ — "ಬಿಲ್ಲು ಸಾಹುಕಾರ್ರ ಹೆಸರಿನ್ಯಾಗ ಅದ ಅಮ್ಮಾ. ಅವರು ಬಿಲ್ ಹಿಡ್ಕೊಂಡು ಬರಬೇಕು. ಅವರಿಗೆ ಹೇಳದೆ ಬದಲಿ ಮಾಡಿದ್ನಂದ್ರ, ನಾಳಿ ನನ್ನ ಅಂಗಡಿ ಮುಂದ ಕೂಡ್ತಾರ."

ಬೀಗರು ಮಾಡಿದ ಆಯೇರಿಗೆ ಬಿಲ್ಲು ಕೇಳುವುದು! ಕೊಟ್ಟ ಸೀರೆ ಬಣ್ಣ ಬಿಟ್ಟರೂ ನಾವು ಬಾಯಿ ಬಿಡುವುದಿಲ್ಲ. ಎಲ್ಲಿ ತಂದಿರಿ ಎಂದು ಕೇಳಿದರೂ ತಪ್ಪು. ಬಿಲ್ಲು ಕೇಳಿದರೆ ನಿನ್ನ ಆಯೇರಿ ನನ್ನ ಮನೆಗೆ ಬೇಡ ಎಂದಂತೆ. ನನ್ನ ಅತ್ತೆಯ ಕಾಲದಲ್ಲಿ ಇಂಥದಕ್ಕೆ ಎರಡು ಮನೆಗಳು ಹನ್ನೆರಡು ವರ್ಷ ಮಾತು ಬಿಟ್ಟದ್ದಿದೆ.

"ನೀನ ಕೇಳು ನಿಮ್ಮಪ್ಪಗ" ಎಂದೆ.

"ನಾ ಕೇಳಿದ್ರ, ಅತ್ತಿ ಕೇಳಿಸ್ಯಾಳ ಅಂತಾರ್ರಿ."

ಅದೂ ನಿಜ.

ಸೆಪ್ಟೆಂಬರ್ ೪, ಬುಧವಾರ

ಯಾದಗಿರಿ. ಬೀಗರ ಮನೆ. ಹೇಳದೆ ಹೋದದ್ದಕ್ಕೆ ಗಾಬರಿಯಾದರು, ಮಗಳಿಗೆ ಏನಾಯಿತೋ ಎಂದು. ಏನೂ ಆಗಿಲ್ಲ ಎಂದು ಕೂತೆ. ಭಾಗಣ್ಣನ ಹೆಂಡತಿ ಮೋನಮ್ಮ ಉಪ್ಪಿಟ್ಟು ತಂದಿಟ್ಟಳು. ಮುಟ್ಟಲಿಲ್ಲ. ಹೇಳುವುದನ್ನು ಹೇಳಿ ತಿನ್ನುವುದು ಒಳ್ಳೆಯದು.

"ಬೀಗರ, ಆ ಮಾನಿಟರಿಂದು ಬಿಲ್ಲು ಬೇಕಾಗಿತ್ತು."

ಭಾಗಣ್ಣ ಎದ್ದು ನಿಂತರು. "ಕೊಟ್ಟ ಆಯೇರಿಗಿ ಬಿಲ್ ಕೇಳಾಕ ಬಂದೀರಿ?"

"ಬಯಕಿ ತೀರಿದ್ರ ಕೇಳ್ತಿದ್ದಿಲ್ಲ. ನಿಮ್ಮ ಮಗಳು ಬಯಸಿದ್ದು ಒಂದು, ನೀವು ತಂದಿದ್ದು ಇನ್ನೊಂದು. ಹೋಳಿಗಿ ಕೇಳಿದಾಕಿಗಿ ಕಡುಬು ತಂದು, ಇದು ಹೋಳಿಗಿಗಿಂತ ದೊಡ್ಡದವ್ವಾ ಅಂದ್ರ ಆಗ್ತದೇನ್ರಿ?"

"ನಾ ಅವತ್ತೇ ಹೇಳಿಲ್ಲೇನು?" ಬಾಗಿಲಿಂದ ಮೋನಮ್ಮ. "ಮೆಸೇಜ್ ತೋರಿಸಿ ತಗೋರಿ ಅಂತ ಬಡ್ಕೊಂಡ್ನಿ. ಇವರು ಅಂಗಡ್ಯಾಗ ನಿಂತು, ಶಹಾಪುರದೋರು ಬಾಯಾಗ ಬೆರಳಿಡಬೇಕು ಅಂದ್ರು."

"ನೀ ಒಳಗ ಹೋಗು!"

"ಹೋಗಾಂಗಿಲ್ಲ. ಕೂಸಿನ ಕಿವಿ ಪ್ರಶ್ನಿ."

ಭಾಗಣ್ಣ ಕೂತರು. ಮೀಸೆ ನೀವಿದರು. ಕೊನೆಗೆ ಒಪ್ಪಿದರು, ಆದರೆ ಒಂದು ಷರತ್ತು.

"ನಾಳಿ ನಿಮ್ಮ ಓಣ್ಯಾಗ, ಯಾದಗಿರ್ಯಾಂವ ಮೊದಲು ದೊಡ್ಡದು ತೋರಿಸಿ ಆಮ್ಯಾಲ ಸಣ್ಣದು ಮಾಡಿದ ಅಂತಾರ. ಬೀಗರ ಆಯೇರಿ ಸರಿ ಇತ್ತು, ನಮ್ಮ ಮನಿ ಮಶೀನೇ ಎಳೀಲಿಲ್ಲ ಅಂತ ನಿಮ್ಮ ಬಾಯಿಲೆ ಹೇಳಬೇಕು. ಕುಬಸದಾಗ ಇದ್ದ ಮಂದಿ ಮುಂದ."

ಎದ್ದು ಬಂದೆ. ಬಿಲ್ಲು ತರಲಿಲ್ಲ. ಉಪ್ಪಿಟ್ಟೂ ತಿನ್ನಲಿಲ್ಲ.

ನಾನು? ಓಣಿಯ ಮುಂದೆ? ಸುಂದ್ರಮ್ಮನ ಮುಂದೆ?

ಸೆಪ್ಟೆಂಬರ್ ೬, ಶುಕ್ರವಾರ

ನಾಳೆ ಗಣಪತಿ. ಕರಿಗಡಬು ಕರಿದೆ. ಎಣ್ಣೆಯಲ್ಲಿ ಎರಡು ಒಡೆದವು.

ರೇಣಮ್ಮ ಮಸಕು ಚಿತ್ರದಲ್ಲೇ ಆಡುತ್ತಿದ್ದಾಳೆ. ಕಣ್ಣು ಕಿರಿದು ಮಾಡಿಕೊಂಡು, ಮುಂದೆ ಬಗ್ಗಿ, ಹೊಟ್ಟೆ ಮೇಜಿಗೆ ಒತ್ತಿಕೊಂಡು. ದೂರ ಕೂಡು ಎಂದರೆ "ಕಾಣವಲ್ದ್ರಿ ಅತ್ತಿ" ಎನ್ನುತ್ತಾಳೆ. ತಕರಾರಲ್ಲ, ಸುಮ್ಮನೆ ಹೇಳಿದ್ದು. ತಕರಾರು ಮಾಡಿದ್ದರೆ ನಾನೂ ನಾಲ್ಕು ಮಾತು ಆಡಬಹುದಿತ್ತು.

ಯಂಕಣ್ಣನಿಗೆ ಕೇಳಿದೆ, ಏನು ಮಾಡೋಣ ಎಂದು. "ನೋಡೋಣವ್ವಾ" ಎಂದ.

ಹೀಗೇ ಹೋದರೆ ತವರಿನಲ್ಲಿ ಏನು ಹೇಳುತ್ತಾಳೆ? ಏನೂ ಹೇಳುವುದಿಲ್ಲ. ಅಪ್ಪನೂ ಕೇಳಲಿಲ್ಲ, ಅತ್ತೆಯೂ ಕೇಳಲಿಲ್ಲ ಎಂದು ಮನಸ್ಸಿನಲ್ಲಿಟ್ಟುಕೊಂಡು ಕೂಡುತ್ತಾಳೆ. ನನ್ನ ಮಾತು ನಡೆಯಲಿಲ್ಲ ಎಂದು ಓಣಿ ಒಂದು ವಾರ ಆಡುತ್ತದೆ. ಅವಳು?

ಭಾಗಣ್ಣನಿಗೆ ಫೋನು ಹಚ್ಚಿದೆ.

"ಸೋಮವಾರ ಬಿಲ್ ಹಿಡ್ಕೊಂಡು ಕರೀಮನ ಅಂಗಡಿಗಿ ಬರ್ರಿ."

"ಮತ್ತ ನನ್ನ ಮಾತು?"

"ಬರ್ರಿ ಅಂದ್ನಿ."

ಇಟ್ಟೆ.

ಸೆಪ್ಟೆಂಬರ್ ೯, ಸೋಮವಾರ

ಆಯಿತು. ಜೀವ ಹೈರಾಣ.

ರೇಣಮ್ಮನನ್ನೂ ಕರೆದೊಯ್ಯಲು ಯಂಕಣ್ಣ ರಜೆ ಹಾಕಿ ಕಾರು ಮಾಡಿಸಿದ್ದ. ಅದೊಂದು ತಾನೇ ಮಾಡಿದ ಕೆಲಸ. ಅಂಗಡಿಯಲ್ಲಿ ಭಾಗಣ್ಣ ಆಗಲೇ ಕೂತಿದ್ದರು, ಬಿಲ್ಲು ಕಿಸೆಯಲ್ಲಿ ಚೌಕವಾಗಿ ಮಡಚಿಟ್ಟುಕೊಂಡು. ನಮ್ಮಿಬ್ಬರಿಗೂ ಒಂದೇ ಬೆಂಚು.

ಕರೀಮ ಇಪ್ಪತ್ತೇಳು ಇಂಚಿನದು ತೆಗೆದ. ಭಾಗಣ್ಣ ಬಾಯಿ ತೆರೆದರು: "ಇದರಾಗ ಜರಾ ದೊಡ್ಡ—"

"ಅಪ್ಪಾ."

ಮುಚ್ಚಿದರು. ಕಾರ್ಡು ತೆಗೆದಾಗ ನನ್ನ ಬಾಯಿಗೂ ಬಂತು. ಎರಡೇ ಫ್ಯಾನು, ಅಂಗೈಗಿಂತ ತುಸು ಉದ್ದ.

"ಇದಕ್ಕಿಂತ ಭಾರಿ—"

"ಅತ್ತಿ."

ಕರೀಮ ಕೌಂಟರಿನ ಹಿಂದೆ ಬಗ್ಗಿ ಏನೋ ಹುಡುಕುವವನಂತೆ ನಕ್ಕ. ನೋಡಿದೆ.

ರೇಣಮ್ಮ ಸಾವಕಾಶ ಕೇಳಿದಳು. ಈ ರೆಸಲ್ಯೂಷನ್ನಿಗೆ ಈ ಆಟದಲ್ಲಿ ಎಷ್ಟು ಫ್ರೇಮು ಬರುತ್ತದೆ, ಮೆಮೊರಿ ಎಷ್ಟು, ಎಷ್ಟು ವ್ಯಾಟು ತಿನ್ನುತ್ತದೆ, ಉದ್ದ ಎಷ್ಟು. ಡಬ್ಬಿಯ ಅಳತೆ ದಾರದಲ್ಲಿ ತಂದಿದ್ದಳು. ದಾರ ಹಿಡಿದು ನೋಡಿದಳು. ಅಂಗಡಿಯ ಮಶೀನಿಗೆ ಎರಡನ್ನೂ ಜೋಡಿಸಿ ಆಟ ಹಚ್ಚಿಸಿದಳು. ನಿಂತೇ ಆಡಿದಳು. ಎತ್ತು ಕೆಸರಿನಿಂದ ರಸ್ತೆಗೆ ಬಂದಿತ್ತು.

ಅವಳ ಮುಖ ನೋಡಿದೆ. ಕುಬಸದ ದಿನ ಹಸಿರು ಬಳೆ ತೊಡಿಸುವಾಗ ಹೀಗಿರಲಿಲ್ಲ.

ಬರುವಾಗ ಭಾಗಣ್ಣ ಕಾರಿನ ಕಿಟಕಿಗೆ ಬಗ್ಗಿ ಮೆಲ್ಲಗೆ, "ಗುರುವಾರ ಕರೀಲಿಕ್ಕ ಬರ್ತೀವಿ. ಮಂದಿ ಇರ್ತಾರಲ್ಲ?" ಎಂದರು.

ಇರುತ್ತಾರೆ. ಎಲ್ಲಿ ಹೋಗುತ್ತಾರೆ.

ಸೆಪ್ಟೆಂಬರ್ ೧೨, ಗುರುವಾರ. ಮಧ್ಯಾಹ್ನ

ಹೋದರು. ಈಗ ಅರ್ಧ ತಾಸು.

ಉಡಿ ತುಂಬಲು ಓಣಿಯವರೆಲ್ಲ ಬಂದಿದ್ದರು. ಭಾಗಣ್ಣ ಕುರ್ಚಿಯ ತುದಿಯಲ್ಲಿ ಕೂತಿದ್ದರು. ರೇಣಮ್ಮ ಮಶೀನು ಹಚ್ಚಿ ಹುಡುಗಿಯರಿಗೆ ತೋರಿಸುತ್ತಿದ್ದಳು. ನೀರು ಹರಿದಂತೆ ಓಡುತ್ತಿತ್ತು. ನಾನು ಅಕ್ಕಿ, ಕೊಬ್ಬರಿ ಹಿಡಿದು ಒಳಗಿಂದ ಬರುತ್ತಿದ್ದೆ. ಹೇಗೆ ಶುರು ಮಾಡುವುದು ಎಂದೇ ನಿನ್ನೆಯಿಂದ ತಲೆ ಕೆಟ್ಟಿತ್ತು. ಸುಂದ್ರಮ್ಮ ಆ ಕಷ್ಟ ಕೊಡಲಿಲ್ಲ.

"ಯಕ್ಕಾ, ಕುಬಸದಾಗ ಬಂದಿದ್ದು ಇದಕ್ಕಿಂತ ದೊಡ್ಡದಿತ್ತಲ್ಲ? ಬೀಗರು ತೋರಿಸಿದ್ದೊಂದು ಕೊಟ್ಟಿದ್ದೊಂದೇನು?"

ಭಾಗಣ್ಣ ನನ್ನನ್ನು ನೋಡಿದರು.

"ಬೀಗರು ಕೊಟ್ಟಿದ್ದು ದೊಡ್ಡದೇ" ಎಂದೆ. "ನಮ್ಮ ಮಶೀನು ಎಳೀಲಿಲ್ಲ. ಎಳಿಯೋದು ಹಾಕಸ್ತೀನಿ ಅಂತ ನಿಮ್ಮೆಲ್ಲರ ಮುಂದ ಹೇಳಿದ್ನಿ. ತಂದ್ನಿ. ಅದು ಡಬ್ಬ್ಯಾಗ ಹಿಡೀಲಿಲ್ಲ. ನಾನೇ ಹೋಗಿ ಬದಲಿ ಮಾಡಿಸ್ಕೊಂಡು ಬಂದೀನಿ. ಸೊಸಿಗಿ ಮೊದಲೇ ಕೇಳಿದ್ರ ಇಷ್ಟು ತಿರುಗಾಟ ಇರ್ತಿದ್ದಿಲ್ಲ."

ಕೊನೆಯ ಮಾತು ಷರತ್ತಿನಲ್ಲಿ ಇರಲಿಲ್ಲ. ಬಾಯಿಗೆ ಬಂತು, ಹೇಳಿದೆ.

ಸುಂದ್ರಮ್ಮ ಮಾನಿಟರು ಬಿಟ್ಟು ಉಡಿಯ ಅಕ್ಕಿ ನೋಡತೊಡಗಿದಳು. ಭಾಗಣ್ಣನಾದರೂ ಒಂದು ಮಾತು ಕೂಡಿಸಬಹುದಿತ್ತು — ತಪ್ಪು ತಂದದ್ದು ನಾನೂ ಹೌದು ಎಂದು. ಆ ಮನುಷ್ಯ ಇನ್ನೊಂದು ಕಪ್ ಚಹಾ ಕೇಳಿದರು. ಸಕ್ಕರೆ ತುಸು ಮುಂದಾಗಿ ಬೇಕಂತೆ.

ಉಡಿ ತುಂಬಿದೆ. ರೇಣಮ್ಮ ಕಾಲು ಮುಟ್ಟಲು ಬಗ್ಗಲಾರದೆ ನನ್ನ ಕೈ ಹಿಡಿದುಕೊಂಡಳು. ಬಿಡಲಿಲ್ಲ. ಹೊರಗೆ ಭಾಗಣ್ಣ ಆಳಿಗೆ ಹೇಳುತ್ತಿದ್ದರು, ಮಾನಿಟರು ಮಶೀನು ಎಲ್ಲ ಡಿಕ್ಕಿಯಲ್ಲಿ ಇಡು, ಐದು ತಿಂಗಳು ಮಗಳಿಗೆ ಬೇಕಾಗುತ್ತದೆ ಎಂದು. ನಾನು ಎದೆ ಗಟ್ಟಿ ಮಾಡಿಕೊಂಡೆ. ಬಯಕೆ ತವರಿನದು, ತವರಿಗೇ ಹೋಗುವುದು ಸರಿ.

ರೇಣಮ್ಮ ಹೊಸ್ತಿಲಲ್ಲಿ ನಿಂತು ಆಳನ್ನು ತಡೆದಳು.

"ಅಪ್ಪಾ, ಅದು ಎಲ್ಲಿರಬೇಕು ಅಂತ ನನಗೊಂದು ಮಾತು ಕೇಳ್ರಿ."

ಭಾಗಣ್ಣ ಕೇಳಿದರು. ಕೇಳಲೇಬೇಕಾಯಿತು, ಓಣಿಯೆಲ್ಲ ನಿಂತಿತ್ತು.

"ಇಲ್ಲೇ ಇರ್ಲಿ. ನಾ ತಿರುಗಿ ಬರಾಕಿ ಇಲ್ಲಿಗೇ."

ಒಳಗೆ ತಂದಿಟ್ಟರು. ಆಳು ವಯರುಗಳನ್ನೆಲ್ಲ ಕಿತ್ತಿದ್ದ. ಯಂಕಣ್ಣ ಈಗ ಮೇಜಿನ ಕೆಳಗೆ ತೂರಿ ಯಾವ ವಯರು ಎಲ್ಲಿಗೆ ಎಂದು ನೋಡುತ್ತಿದ್ದಾನೆ. ನೋಡುತ್ತಲೇ ಇದ್ದಾನೆ. ಮಾನಿಟರಿನದನ್ನು ಕಾರ್ಡಿಗೆ ಸಿಕ್ಕಿಸಬೇಕು, ಮೇಲಿನ ತೂತಿಗಲ್ಲ ಎಂದು ರೇಣಮ್ಮ ಎಷ್ಟು ಸಲ ಹೇಳಿ ಹೋಗಿದ್ದಾಳೆ. ಅವನು ಮೇಲಿನದಕ್ಕೇ — ಲೇ ಯಂಕಣ್ಣಾ, ಅದಲ್ಲೋ, ಕೆಳಗಿಂದಕ್ಕ ಹಚ್ಚೋ! ಇರಲಿ, ನಾನೇ ಎದ್ದು ಹೋಗುತ್ತೇನೆ.